ಜಮಖಾನದ ದುಡ್ಡಿಗೆ ಬಂದ ಫಾಸ್ಟ್ ಬೌಲರ್

ದುಡ್ಡಿಲ್ಲದ ತಂಡಕ್ಕೇ ದುಬಾರಿ ಬೌಲರ್ ಬೇಕೆನಿಸುವುದು ಈ ಲೋಕದಲ್ಲಿ ಎಂದೂ ನಿಲ್ಲದ ಸಂಗತಿ. ಟೀವಿಯಲ್ಲಿ ಆಟಗಾರರ ಹರಾಜು ಶುರುವಾದ ಮೇಲಂತೂ ನಮ್ಮ ಮುಂಜಾನೆಯ ವಾಕಿಂಗ್ ಗುಂಪಿನಲ್ಲಿ ನಡೆಯುವುದು ಕಡಿಮೆಯಾಗಿ, ನಿಂತು ಜಗಳವಾಡುವುದು ಹೆಚ್ಚಾಗಿದೆ. ಗುಂಪಿನಲ್ಲಿ ಒಬ್ಬರು ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟವನ್ನು ಕೊನೆಯ ಸಾಲಿನವರೆಗೂ ಓದುವವರಿದ್ದಾರೆ. ಮೊನ್ನೆ ಅವರು ತಂದ ಸುದ್ದಿ: ಅಮೆರಿಕದ ಬೇಸ್‌ಬಾಲಿನಲ್ಲೂ ಇದೇ ತಕರಾರಂತೆ. ಅಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಅನ್ನುತ್ತಾರಂತೆ. ಕರಾರು ಮುಗಿದು ಬಿಡುವಾಗಿರುವ ದೊಡ್ಡ ಪಿಚರ್ ಒಬ್ಬ ಸಿಕ್ಕರೆ ಸಣ್ಣ ತಂಡದವರು ಇದ್ದಬದ್ದ ದುಡ್ಡನ್ನೆಲ್ಲ ಅವನ ಮೇಲೆ ಸುರಿಯಬೇಕೋ, ಇಲ್ಲ ಅದೇ ದುಡ್ಡಿನಲ್ಲಿ ನಾಲ್ಕು ಸಾಧಾರಣ ಆಟಗಾರರನ್ನು ತರಬೇಕೋ? ಅರ್ಧ ಗುಂಪು "ಸುರಿಯಬೇಕು" ಅಂತ, ಇನ್ನರ್ಧ "ಹುಚ್ಚು" ಅಂತ.

ಇಂಥ ಮಾತು ನಡೆಯುವಾಗ ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ನನ್ನ ಕೇಳ್ರಿ," ಅಂದೆ. "ನಾ ಕೊಂಡು ನೋಡೀನಿ." ಎಲ್ಲರೂ ಬೆಂಚಿನ ಮೇಲೆ ಕೂತರು. ನಾನು ಮಾತು ಮುಗಿಸುವ ಹೊತ್ತಿಗೆ ಬಿಸಿಲು ಏರಿ ಇಬ್ಬರ ಮನೆಯಿಂದ ಹುಡುಕಿಕೊಂಡು ಬಂದಿದ್ದರು.

ಎಂಬತ್ತರ ದಶಕದ ಮಾತು. ಹೈದರಾಬಾದಿನ ಕುಷಾಯಿಗೂಡದ ಕಡೆ ನಮ್ಮ ಕಾರ್ಖಾನೆ, ಪಕ್ಕದಲ್ಲೇ ಕಾಲೋನಿ. ನಾನು ಸ್ಟೋರ್ಸ್ ವಿಭಾಗದಲ್ಲಿದ್ದೆ. ಧಾರವಾಡ, ರಾಯಚೂರು, ಕಲಬುರ್ಗಿ ಕಡೆಯಿಂದ ಬಂದ ನಾವೆಲ್ಲ ಸೇರಿ ಒಂದು ಕನ್ನಡ ಸಂಘ ಕಟ್ಟಿಕೊಂಡಿದ್ದೆವು. ಸಂಘಕ್ಕೊಂದು ಕ್ರಿಕೆಟ್ ತಂಡ, ತಂಡಕ್ಕೆ ನಾನು ಕಾರ್ಯದರ್ಶಿ. ಆಸ್ತಿ ಅಂದರೆ ಎರಡು ಬ್ಯಾಟು, ಮೂರು ಸ್ಟಂಪು, ಒಂದು ಜೊತೆ ಕಾಲು ಪ್ಯಾಡು. ಅದನ್ನೂ ಆಚೆ ತುದಿಗೊಂದು, ಈಚೆ ತುದಿಗೊಂದು ಹಂಚಿ ಕಟ್ಟಿಕೊಳ್ಳುತ್ತಿದ್ದೆವು. ಕಾಲೋನಿಯಲ್ಲಿ ಆರು ತಂಡಗಳು, ಮೈದಾನ ಒಂದೇ. ವರ್ಷಕ್ಕೊಂದು ಟೂರ್ನಮೆಂಟು. ಆ ವರ್ಷ ಹೊಸ ನಿಯಮ ಬಂತು: ಆರನೆಯ ಸ್ಥಾನಕ್ಕೆ ಬಂದ ತಂಡ ಮರುವರ್ಷ ಆಡುವಂತಿಲ್ಲ, ಅವರಿಗಿದ್ದ ಭಾನುವಾರ ಮುಂಜಾನೆಯ ಮೈದಾನ ಕಾದು ಕೂತಿರುವ ಇನ್ನೊಂದು ತಂಡಕ್ಕೆ. ಹಿಂದಿನ ಎರಡು ವರ್ಷ ಆರನೆಯವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

೧. ಮೂರು ಕೊಟೇಶನ್ನು

ಸಮಿತಿ ಸೇರಿತು. ಸಂಘದ ಹತ್ತಿರ ಇದ್ದದ್ದು ಒಂದೇ ಗಂಟು. ದಸರಾ ಕಾರ್ಯಕ್ರಮಕ್ಕೆ ದೊಡ್ಡ ಜಮಖಾನ ಕೊಳ್ಳಬೇಕೆಂದು ನಾಲ್ಕು ವರ್ಷದಿಂದ ಕೂಡಿಟ್ಟದ್ದು. ಹೊರಗಿನ ಆಟಗಾರ ಒಬ್ಬನಿಗೆ ಟೂರ್ನಮೆಂಟಿನಲ್ಲಿ ಅವಕಾಶವಿತ್ತು. ಗಂಟನ್ನು ಪೂರಾ ಬಿಚ್ಚಿ ಒಬ್ಬ ಫಾಸ್ಟ್ ಬೌಲರ್‌ನನ್ನು ಕರೆಸೋಣ ಅಂತ ಸೂಚಿಸಿದವನು ನಾನೇ. ನೆಲದ ಮೇಲೆ ಕೂತು ನಾಟಕ ನೋಡಬಹುದು, ಮೈದಾನವಿಲ್ಲದೆ ಆಡುವುದು ಹೇಗೆ? ಕೈಗಳು ಮೇಲೆದ್ದವು. ಏಳದ ಕೈ ಒಂದೇ, ಖರೀದಿ ವಿಭಾಗದ ಸಾಹೇಬರದು.

"ಕೊಟೇಶನ್ ಎಲ್ಲಿ?" ಅಂದರು.

"ಬೌಲರ್‌ಗ ಎಂಥಾ ಕೊಟೇಶನ್ ರೀ?"

"ಒಂದು ಬಲ್ಬ್ ತಗೊಳ್ಳಾಕ ಮೂರು ಕೊಟೇಶನ್ ತರಿಸ್ತೀನಿ ನಾನು. ಮನಷ್ಯಾನ್ನ ಹಂಗ ತಗೊಂಬಾ ಅಂದ್ರ ಸಹಿ ಹ್ಯಾಂಗ ಮಾಡ್ಲಿ?"

ಇಪ್ಪತ್ತು ವರ್ಷ ಸರ್ಕಾರಿ ಕಾರ್ಖಾನೆಯ ನೀರು ಕುಡಿದವರು ನಾವು. ಯಾರಿಗೂ ಇದು ವಿಚಿತ್ರ ಅನಿಸಲಿಲ್ಲ. ಹೌದಲ್ಲ, ಕೊಟೇಶನ್ ಬೇಕಲ್ಲ ಅಂತ ಹುಡುಕಲು ಹೊರಟೆವು. ಊರಿನ ಇನ್ನೊಂದು ತುದಿಯ ಮೆಹದಿಪಟ್ಟಣಂನಲ್ಲಿ ಒಬ್ಬ ಫಾಸ್ಟ್ ಬೌಲರ್ ಇದ್ದ, ಆರಡಿಯ ಆಳು, ಯಾವುದೋ ಕ್ಲಬ್ಬಿನ ಕರಾರು ಆಗಷ್ಟೇ ಮುಗಿದಿತ್ತು. ಅವನದೊಂದು. ಒಂದು ಸ್ಕೂಲಿನ ಡ್ರಿಲ್ ಮಾಸ್ತರರದು ಇನ್ನೊಂದು. ಮೂರನೆಯದು ಎಷ್ಟು ಅಲೆದರೂ ಹುಟ್ಟಲಿಲ್ಲ. ಆಗ ನಮ್ಮ ಕ್ಯಾಪ್ಟನ್, ಮಷೀನ್ ಶಾಪಿನ ಫೋರ್ಮನ್, ದೊಡ್ಡ ಮನಸ್ಸು ಮಾಡಿದರು. "ಮೂರನೇದು ನಾ ಬರಕೊಡ್ತೀನಿ ತಗೋರಿ. ಲೆಕ್ಕಕ್ಕ ಇರ್ಲಿ."

ಹದಿನೆಂಟು ವರ್ಷದಿಂದ ನಮ್ಮ ಮೊದಲ ಓವರ್ ಹಾಕುತ್ತಿದ್ದವರು ಅವರೇ. ಅವರು ಚೆಂಡು ಬಿಟ್ಟ ಮೇಲೆ ಅದು ಮೇಲೆ ಹೋಗಿ, ಊರೆಲ್ಲ ನೋಡಿಕೊಂಡು, ಸಾವಕಾಶ ಇಳಿಯುತ್ತಿತ್ತು.

ಮುಚ್ಚಿದ ಲಕೋಟೆಗಳನ್ನು ಸಮಿತಿಯ ಎದುರಿಗೆ ಒಡೆದರು. ಕ್ಯಾಪ್ಟನ್‌ರ ಕಾಗದದಲ್ಲಿ ಇದ್ದದ್ದು: "ಇಡೀ ಸೀಸನ್ನಿಗೆ ಶೂನ್ಯ ರೂಪಾಯಿ. ಚಹಾ ಕೊಟ್ಟರೆ ಸಂತೋಷ."

ಖರೀದಿ ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಎಲ್ಲಾರಕಿಂತ ಕಡಿಮಿ ಇವರದು. ಆರ್ಡರ್ ಇವರಿಗೇ ಕೊಡಬೇಕು."

"ಅವರು ನಮ್ಮವರ ಅದಾರಲ್ರೀ. ಇವರು ಹಾಕ್ತಾರ ಅಂತಲೇ ಬ್ಯಾರೇದವ್ರನ್ನ ಹುಡಕಾಕತ್ತೀವಿ," ಅಂದೆ. ಅಂದ ಮೇಲೆ ಕ್ಯಾಪ್ಟನ್ ಎದುರಿಗೇ ಕೂತಿದ್ದಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಕೊನೆಗೆ ಒಂದೇ ದಾರಿ ಉಳಿಯಿತು. ಕಡಿಮೆ ಬೆಲೆಯವನನ್ನು ಬಿಡಬೇಕಾದರೆ ಅವನು ತಾಂತ್ರಿಕವಾಗಿ ಅನರ್ಹ ಅಂತ ಕಾರಣ ಸಹಿತ ಬರೆಯಬೇಕು. ಕ್ಯಾಪ್ಟನ್‌ರ ಎದುರಿಗೇ ಖರೀದಿ ಸಾಹೇಬರು ಬರೆದರು: "ವೇಗ ಸಾಲದು. ಚೆಂಡು ತಲುಪುವಷ್ಟರಲ್ಲಿ ಬ್ಯಾಟ್ಸ್‌ಮನ್ನಿಗೆ ಬೇಸರ ಬರುತ್ತದೆ." ಸಮಿತಿಯವರೆಲ್ಲ ಸಹಿ ಹಾಕಬೇಕಿತ್ತು, ಕ್ಯಾಪ್ಟನ್ ಕೂಡ ಸಮಿತಿಯವರೇ. ಅವರು ಕಾಗದವನ್ನು ಎರಡು ಸಲ ಓದಿ, ಸಹಿ ಹಾಕಿ, ಕೆಳಗೆ ತಮ್ಮ ಅಭಿಪ್ರಾಯವನ್ನೂ ಸೇರಿಸಿದರು: "ಒಪ್ಪಿದೆ. ಆದರೆ ಆ ಬೇಸರದಲ್ಲೇ ಕಳೆದ ವರ್ಷ ಹದಿನಾಲ್ಕು ಮಂದಿ ಔಟಾಗಿದ್ದಾರೆಂದು ದಾಖಲಿಸಲು ಕೋರುತ್ತೇನೆ."

೨. ಮಾಲು ತಪಾಸಣೆ

ಡ್ರಿಲ್ ಮಾಸ್ತರರು ಜಾಸ್ತಿ ಕೇಳಿದ್ದರಿಂದ ಆರ್ಡರ್ ಮೆಹದಿಪಟ್ಟಣಂನ ಬೌಲರ್‌ಗೆ ಆಯಿತು. ಆರ್ಡರ್ ಆಯಿತು ಅಂದಮಾತ್ರಕ್ಕೆ ಮಾಲು ಒಳಗೆ ಬರುವುದಿಲ್ಲ. ಅದಕ್ಕೆ ತಪಾಸಣೆ ಆಗಬೇಕು. ನಮ್ಮ ವಿಕೆಟ್ ಕೀಪರ್ ಕಾರ್ಖಾನೆಯ ತಪಾಸಣೆ ವಿಭಾಗದವರೇ, ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಡಿಭಾಗವನ್ನು ವಾಪಸು ಕಳಿಸುವ ಕಟ್ಟುನಿಟ್ಟಿನ ಮನುಷ್ಯ. ಬೌಲರ್‌ನನ್ನು ಮೈದಾನಕ್ಕೆ ಕರೆಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಜೇಬಿನಿಂದ ಟೇಪ್ ತೆಗೆದು ತೋಳು ಅಳೆದರು. ಹೆಜ್ಜೆ ಹಾಕಿಸಿ ಅದನ್ನೂ ಅಳೆದರು.

ಬೌಲರ್ ಮಾತಾಡುತ್ತಿದ್ದದ್ದು ಅಪ್ಪಟ ಹೈದರಾಬಾದಿ ಉರ್ದು. ನಿಮಗೆ ಆದಷ್ಟು ಕನ್ನಡದಲ್ಲೇ ಹೇಳುತ್ತೇನೆ. "ಸಾಬ್, ಏನು ವಿಷಯ ಇದು?" ಅಂತ ನನ್ನನ್ನು ಪಕ್ಕಕ್ಕೆ ಕರೆದ. "ಇವರು ನನಗೆ ಶೇರ್ವಾನಿ ಹೊಲಿಸುತ್ತಾರೋ, ಬೌಲಿಂಗ್ ಮಾಡಿಸುತ್ತಾರೋ?"

ಆಮೇಲೆ ಮೂರು ಚೆಂಡಿನ ಪರೀಕ್ಷೆ. ಬ್ಯಾಟ್ ಹಿಡಿದು ಎದುರಿಗೆ ಯಾರಾದರೂ ನಿಲ್ಲಬೇಕಲ್ಲ. ಬೌಲರ್ ಬೇವಿನ ಮರದ ತನಕ ಹೋಗಿ ತಿರುಗಿ ನಿಂತದ್ದು ನೋಡಿ ನಮ್ಮವರೆಲ್ಲ ಶೂ ಲೇಸು ಕಟ್ಟಿಕೊಳ್ಳತೊಡಗಿದರು. ಕೆಲವರು ಚಪ್ಪಲಿ ಹಾಕಿಕೊಂಡು ಬಂದವರು, ಅವರೂ ಬಗ್ಗಿದರು.

"ಪರೀಕ್ಷಾದಾಗ ಇನ್‌ಸ್ಪೆಕ್ಟರ್ ಖುದ್ದು ಹಾಜರ ಇರಬೇಕಂತ ನಿಮ್ಮ ನಿಯಮದಾಗ ಐತಲ್ರೀ," ಅಂದರು ಕ್ಯಾಪ್ಟನ್. ಅನರ್ಹರಾದ ಮೇಲೆ ಅವರಿಗೂ ನಿಯಮಗಳ ಮೇಲೆ ಪ್ರೀತಿ ಬಂದಿತ್ತು.

ಪಾಪ, ಕೀಪರ್ ಸಾಹೇಬರೇ ನಿಂತರು. ಮೊದಲ ಚೆಂಡು ಅವರಿಗೆ ಕಾಣಲಿಲ್ಲ. ಎರಡನೆಯದು ಕೇಳಿಸಿತು. ಮೂರನೆಯದು ಬಂದಾಗ ಅವರು ಬ್ಯಾಟು ಬಿಟ್ಟು ಪಕ್ಕಕ್ಕೆ ಜಿಗಿದಿದ್ದರು, ಚೆಂಡು ನಡುವಿನ ಸ್ಟಂಪಿಗೆ ಬಡಿದು ಅದು ಎರಡು ತುಂಡಾಯಿತು. ಗೇಟಿನ ಹತ್ತಿರ ಡ್ಯೂಟಿಯಲ್ಲಿದ್ದ ಸೆಕ್ಯುರಿಟಿ ಗಾರ್ಡು ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಲ್ಲಾಡದೆ ನಿಂತಿದ್ದ.

ಇನ್‌ಸ್ಪೆಕ್ಟರ್ ಸಾಹೇಬರು ಧೂಳು ಕೊಡವಿಕೊಂಡು, ಫಾರ್ಮು ತುಂಬಿ ನನಗೆ ಕೊಟ್ಟರು. "ಬೌಲರ್: ಸ್ವೀಕೃತ. ಸ್ಟಂಪು: ಗುಣಮಟ್ಟ ಸಾಲದು, ತಿರಸ್ಕೃತ."

೩. ಹನ್ನೊಂದು ರೊಟ್ಟಿ

ಬೌಲರ್‌ನ ಕರಾರಿನಲ್ಲಿ ಒಂದು ಷರತ್ತಿತ್ತು: ಆಟದ ದಿನ ಮುಂಜಾನೆ ಆರು ಬೇಯಿಸಿದ ಮೊಟ್ಟೆ. ಮೆಹದಿಪಟ್ಟಣಂನಿಂದ ಎರಡು ಬಸ್ಸು ಬದಲಿಸಿ ಬರುವವನು, ಹಸಿವಾಗಿರುತ್ತದೆ, ನ್ಯಾಯವಾದ ಬೇಡಿಕೆಯೇ. ಕಾರ್ಯದರ್ಶಿಯ ಮನೆಗೆ ಬಂದು ತಿಂದು ಹೋಗಲಿ ಅಂತ ಸಮಿತಿ ತೀರ್ಮಾನಿಸಿತು. ಕಾರ್ಯದರ್ಶಿಯ ಮನೆಯಲ್ಲಿ ಯಾರಿದ್ದಾರೆ ಅಂತ ಸಮಿತಿ ವಿಚಾರಿಸಲಿಲ್ಲ.

ನಮ್ಮ ಮನೆಯವಳು ಎಲ್ಲ ಕೇಳಿಸಿಕೊಂಡು ಅಂದಳು, "ನೋಡ್ರಿ, ತತ್ತಿ ನಮ್ಮ ಹೊಸ್ತಿಲಾ ದಾಟಂಗಿಲ್ಲ. ಹಂಗಂತ ಹಸದು ಬಂದವ್ರು ಬರಿ ಹೊಟ್ಟೀಲೆ ಹೋಗಂಗೂ ಇಲ್ಲ."

"ಮತ್ತ ಏನು ಮಾಡ್ತಿ?"

"ನೀವು ಸುಮ್ನ ಪೇಪರ್ ಓದ್ರಿ."

ಭಾನುವಾರ ಬೌಲರ್ ಬಂದ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೊದಲು ಅನುಮಾನದಿಂದ ಒಂದು ಚೂರು ಮುರಿದ. ಆಮೇಲೆ ಅವನು ತಲೆ ಎತ್ತಲಿಲ್ಲ. ಮೂರನೆಯ ರೊಟ್ಟಿಗೆ "ಅಮ್ಮಾ" ಅಂದ. ಆರನೆಯದಕ್ಕೆ "ಅಂಡೇ ನಕ್ಕೋ ಅಮ್ಮಾ" ಅಂತ, ಅಂದರೆ ಮೊಟ್ಟೆ ಬೇಡ ಅಂತ, ಕರಾರಿನ ಷರತ್ತನ್ನು ತಾನೇ ತೆಗೆದುಹಾಕಿದ. ನಮ್ಮಾಕಿಗೆ ಹುರುಪು ಬಂತು. "ಇನ್ನೊಂದು ತಗೋ ಬೇಟಾ, ಓಡೂ ಕೆಲಸ ಐತಿ ನಿಂದು" ಅಂತ ಬಡಿಸುತ್ತಲೇ ಹೋದಳು. ನಾನು ಪೇಪರಿನ ಮರೆಯಿಂದ ಎಣಿಸುತ್ತಿದ್ದೆ. ಹನ್ನೊಂದು.

ಮೈದಾನದಲ್ಲಿ ನೋಡುತ್ತೇನೆ, ಬೇವಿನ ಮರದಿಂದ ಓಡಿ ಬರುತ್ತಿದ್ದ ಮನುಷ್ಯ ಅಂಪೈರ್ ಪಕ್ಕದಿಂದ ಆರು ಹೆಜ್ಜೆ ನಡೆದು ಬಂದ. ಚೆಂಡು ಬಿಟ್ಟ, ನಿಂತ, ಸೊಂಟದ ಮೇಲೆ ಕೈಯಿಟ್ಟ, ಆಕಾಶ ನೋಡಿದ. ಎರಡನೆಯ ಓವರಿನಲ್ಲಿ ಹೆಜ್ಜೆ ನಾಲ್ಕಕ್ಕೆ ಇಳಿದವು. ಮೂರನೆಯ ಓವರ್ ಮುಗಿಸಿ ಬೌಂಡರಿಯ ಹತ್ತಿರ ನೆರಳಿನಲ್ಲಿ ಫೀಲ್ಡಿಂಗ್ ಕೇಳಿ ಪಡೆದ. ಎದುರಿನವರು ಬೇಕಾದ ಹಾಗೆ ಬಾರಿಸಿದರು.

ಕ್ಯಾಪ್ಟನ್ ನನ್ನ ಹತ್ತಿರ ಬಂದು ತಣ್ಣಗೆ ಅಂದರು, "ಸೆಕ್ರೆಟ್ರಿ ಸಾಹೇಬ್ರ, ಇದು ನನ್ನ ಸ್ಪೀಡು. ಇದನ್ನ ನಾ ಪುಕ್ಕಟೆ ಹಾಕ್ತಿದ್ದೆ."

ಸಂಜೆ ಎದುರು ತಂಡದ ಕ್ಯಾಪ್ಟನ್, ಗುಂಟೂರಿನವರು, ಒಂದು ಡಬ್ಬಿ ಮಿಠಾಯಿ ಹಿಡಿದು ಮನೆಗೆ ಬಂದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ಕೈ ಮುಗಿದರು. "ಮ್ಯಾನ್ ಆಫ್ ದ ಮ್ಯಾಚ್ ನಿಮಗೇ ಅಮ್ಮಾ. ನಮ್ಮ ಹುಡುಗರೆಲ್ಲ ಹೇಳಿ ಕಳಿಸಿದ್ದಾರೆ."

೪. ಭಟ್ಟಿಯ ಕೈಗವಸು

ಎರಡನೆಯ ವಾರ ನಮ್ಮಾಕಿ ಅರ್ಧ ಲೋಟ ಮಜ್ಜಿಗೆ ಕೊಟ್ಟು ಬಾಗಿಲು ಹಾಕಿದಳು. ಬೌಲರ್ ಮರದ ಬುಡದಿಂದ ಬಂದ ನೋಡ್ರಿ, ಎಂಜಿನ್ ಬಂದ ಹಾಗೆ ಬಂದ. ಬ್ಯಾಟ್ಸ್‌ಮನ್ನರಿಗೆ ಚೆಂಡು ಮುಟ್ಟಲೇ ಆಗಲಿಲ್ಲ. ಆದರೆ ನಮ್ಮ ಕೀಪರ್‌ಗೂ ಆಗಲಿಲ್ಲ. ಚೆಂಡು ಬ್ಯಾಟು ದಾಟಿ, ಸ್ಟಂಪು ದಾಟಿ, ಕೀಪರ್ ಸಾಹೇಬರ ಹರಕು ಗ್ಲೋವ್ಸ್ ದಾಟಿ, ನೇರ ಬೌಂಡರಿ. ಎದುರಿನವರು ಬ್ಯಾಟು ಬೀಸದೆ ಗೋಡೆಗೆ ಒರಗಿದವರ ಹಾಗೆ ನಿಂತುಕೊಂಡೇ ಗೆದ್ದರು.

"ಹಿಡೀರಿ ಸ್ವಲ್ಪ," ಅಂತ ಖರೀದಿ ಸಾಹೇಬರು ಬೌಂಡರಿಯಿಂದ ಕೂಗಿದರು. "ನೀವ ಪಾಸ್ ಮಾಡಿದ ಮಾಲು ಅದು."

"ಗ್ಲೋವ್ಸ್ ಕೊಡಸ್ರಿ, ಹಿಡೀತೀನಿ," ಅಂದರು ಕೀಪರ್.

ಗ್ಲೋವ್ಸಿಗೆ ಎಲ್ಲಿಯ ದುಡ್ಡು? ಇದ್ದದ್ದೆಲ್ಲ ಬೌಲರ್‌ಗೆ ಹೋಗಿತ್ತು. ಬಡ ತಂಡ ಇಂಥ ಖರೀದಿ ಮಾಡಿದಾಗ ಆಗುವುದೇ ಇದು: ಫಿರಂಗಿ ಬಂತು, ಅದನ್ನು ಇಡಲು ಜಾಗವಿಲ್ಲ. ನಾನು ಬಹಳ ಯೋಚನೆ ಮಾಡಿ ಭಟ್ಟಿ ವಿಭಾಗದ ಸ್ನೇಹಿತರ ಹತ್ತಿರ ಹೋದೆ. ಕೆಂಪಗೆ ಕಾಯ್ದ ಕಬ್ಬಿಣ ಹಿಡಿಯಲು ಅವರಿಗೆ ಮೊಣಕೈ ದಾಟುವ ದಪ್ಪ ಕೈಗವಸುಗಳಿದ್ದವು. ಅವರು ತಮ್ಮ ಸ್ವಂತದ ಹಳೆಯ ಜೊತೆಯೊಂದನ್ನು ಭಾನುವಾರದ ಮಟ್ಟಿಗೆ ಕೊಟ್ಟರು.

ಮೂರನೆಯ ಆಟ. ಮೊದಲ ಚೆಂಡೇ ಕೀಪರ್‌ರ ಕೈಯಲ್ಲಿ ನಿಂತಿತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಹೀಗೇ ಆಟ ಸಾಗಿತು, ಎದುರಿನವರ ಕೊನೆಯ ಜೋಡಿ ಬಂತು, ಗೆಲ್ಲಲು ಇನ್ನು ಆರು ರನ್. ಆಗ ಬಂದ ಒಂದು ಚೆಂಡು ಕೀಪರ್‌ರ ಅಂಗೈಗೆ ಬಡಿದು, ಪುಟಿದು, ಕೈಗವಸಿನ ಅಗಲ ಬಾಯಿಯಿಂದ ಒಳಗೆ ಇಳಿಯಿತು. ಅವರು ಕೈ ಜಾಡಿಸಿದರು. ಚೆಂಡು ಇನ್ನೂ ಒಳಗೆ ಹೋಯಿತು. ಇನ್ನೊಂದು ಕೈಯಿಂದ ತೆಗೆಯೋಣವೆಂದರೆ ಅದಕ್ಕೂ ಅಂಥದ್ದೇ ಗವಸು.

ಬ್ಯಾಟ್ಸ್‌ಮನ್ನರು ಒಂದು ಓಡಿದರು, ಎರಡು ಓಡಿದರು, ಮೂರೂ ಓಡಿದರು. ನಾಲ್ಕಕ್ಕೆ ಇಬ್ಬರಿಗೂ ಉಸಿರಿರಲಿಲ್ಲ. ಕೀಪರ್ ಸಾಹೇಬರು ನಡುವೆ ನಿಂತು ಗಿರಗಿರ ತಿರುಗುತ್ತಿದ್ದರು. ಅವರ ಪಾಡು ನೋಡಲಾಗದೆ ಬ್ಯಾಟ್ಸ್‌ಮನ್ನೊಬ್ಬ, ಒಳ್ಳೆಯ ಮನೆತನದ ಹುಡುಗ, "ಇರಿ ಸಾರ್" ಅಂತ ಬಂದು, ಗವಸಿನೊಳಗೆ ಕೈ ಹಾಕಿ, ಚೆಂಡು ತೆಗೆದು ಅವರಿಗೆ ಕೊಟ್ಟ.

ಕ್ಯಾಪ್ಟನ್ ಆ ಕ್ಷಣಕ್ಕಾಗಿ ಹದಿನೆಂಟು ವರ್ಷ ಕಾದವರ ಹಾಗೆ ಎರಡೂ ಕೈ ಎತ್ತಿ ಅಪೀಲು ಮಾಡಿದರು. ಆಟದ ನಡುವೆ ಬ್ಯಾಟ್ಸ್‌ಮನ್ ಚೆಂಡನ್ನು ಕೈಯಿಂದ ಮುಟ್ಟಿದರೆ ನಿಯಮದ ಪ್ರಕಾರ ಔಟು. ಅಂಪೈರ್ ಕ್ಯಾಂಟೀನಿನ ಮ್ಯಾನೇಜರ್, ನಿಯಮ ಪುಸ್ತಕ ಜೇಬಿನಲ್ಲಿಟ್ಟುಕೊಂಡೇ ಬರುವವರು. ಪುಟ ತಿರುವಿದರು, ಕನ್ನಡಕ ಸರಿಮಾಡಿಕೊಂಡರು, ಬೆರಳೆತ್ತಿದರು. ಆಟ ನಮ್ಮದಾಯಿತು.

ಎದುರಿನವರು ಕೆಂಡವಾದರು. "ಉಪಕಾರ ಮಾಡಿದವನನ್ನ ಔಟ್ ಮಾಡ್ತೀರಾ?"

ಕ್ಯಾಪ್ಟನ್ ಆ ಹುಡುಗನ ಹೆಗಲ ಮೇಲೆ ಕೈಹಾಕಿ ಸಮಾಧಾನ ಮಾಡಿದರು. "ಬ್ಯಾಸರ ಮಾಡ್ಕೊಬ್ಯಾಡಪಾ. ನಿನ್ನ ಉಪಕಾರ ನಾವು ಮರಿಯಂಗಿಲ್ಲ, ಸ್ಕೋರ್ ಬುಕ್ಕಿನಾಗ ಬರದಿಟ್ಟೀವಿ."

೫. ಜತನ

ನಾಲ್ಕನೆಯ ಆಟ ಸೋತೆವು. ಅದರಲ್ಲಿ ಹೇಳುವಂಥದ್ದೇನಿಲ್ಲ, ಬೌಲರ್ ಚೆನ್ನಾಗಿ ಹಾಕಿದ, ನಾವು ಕ್ಯಾಚು ಚೆನ್ನಾಗಿ ಬಿಟ್ಟೆವು. ಈಗ ನಾವು ಗೆದ್ದದ್ದು ಒಂದು, ಸೆಕ್ಯುರಿಟಿ ಗಾರ್ಡುಗಳ ತಂಡ ಗೆದ್ದದ್ದೂ ಒಂದು. ಕೊನೆಯ ಆಟ ನಮಗೂ ಅವರಿಗೂ. ಸೋತವರು ಆರನೆಯವರು, ಮೈದಾನದ ಆಚೆ.

ನಾವು ಮೊದಲು ಆಡಿ ಎಂಬತ್ತೊಂದಕ್ಕೆ ಮುಗಿದೆವು. ಅಷ್ಟು ಸಣ್ಣ ಮೊತ್ತ ಕಾಯಬೇಕೆಂದರೆ ಬೌಲರ್‌ನ ಕೈಗೆ ಮೊದಲೇ ಚೆಂಡು ಕೊಡಬೇಕು, ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಸ್ಟೋರ್ಸಿನಲ್ಲಿ ಬೆಳೆದವನಿಗೆ ಒಂದು ಚಟ ಅಂಟಿರುತ್ತದೆ. ದುಬಾರಿ ಸಾಮಾನನ್ನು ಮೊದಲು ತೆಗೆಯುವುದಿಲ್ಲ. ಫಾರಿನ್ ಬೇರಿಂಗ್ ಬಂದರೆ ಹಳೆಯದನ್ನೇ ತಿಕ್ಕಿ ತೀಡಿ ನಡೆಸು, ಹೊಸದು ಕಪಾಟಿನಲ್ಲಿರಲಿ, ಕಷ್ಟಕಾಲಕ್ಕೆ ಬೇಕಾಗುತ್ತದೆ. ಎಷ್ಟೋ ಬೇರಿಂಗುಗಳು ನನ್ನ ಕಪಾಟಿನಲ್ಲಿ ಮೇಲಿನ ಕಾಗದ ಬಿಚ್ಚದೆ ರಿಟೈರಾಗಿವೆ. ಬಾಯಿ ತಡೆಯಲಾರದೆ ಹೇಳಿಬಿಟ್ಟೆ, "ಈಗ ಅವನ್ನ ತೆಗೀಬ್ಯಾಡ್ರಿ. ಜತನ ಮಾಡ್ರಿ. ಕಡೀಕ ಇರ್ಲಿ."

ಕ್ಯಾಪ್ಟನ್‌ಗೆ ಬೇರೆ ಮಾತು ಬೇಕಿರಲಿಲ್ಲ. "ಹೌದ್ರಿ, ಜತನ ಮಾಡೂಣು," ಅಂತ ತಾವೇ ಚೆಂಡು ತೆಗೆದುಕೊಂಡರು. ಇಡೀ ಸೀಸನ್ ಅವರಿಗೆ ಒಂದು ಓವರೂ ಸಿಕ್ಕಿರಲಿಲ್ಲ.

ಗಾರ್ಡುಗಳು ಬ್ಯಾಟಿಂಗಿಗೆ ಇಳಿದದ್ದು ನೋಡಿ ನಾನು ದಂಗಾದೆ. ಸ್ಟಂಪು ಮುರಿದ ಸುದ್ದಿ ಗೇಟಿನಿಂದ ಅವರ ಬ್ಯಾರಕ್ಕಿಗೆ ಮುಟ್ಟಿ, ಅಲ್ಲಿ ಅದು ಮೂರೂ ಸ್ಟಂಪಾಗಿ, ಒಬ್ಬನ ಪಕ್ಕೆಲುಬಾಗಿ ಬೆಳೆದಿತ್ತು. ತಲೆಗೆ ಸ್ಕೂಟರಿನ ಹೆಲ್ಮೆಟ್, ತೊಡೆಗೆ ಸುತ್ತಿದ ಟರ್ಕಿ ಟವೆಲ್, ಎದೆಗೆ ಅಂಗಿಯೊಳಗೆ ರಟ್ಟು. ಯುದ್ಧಕ್ಕೆ ಬಂದವರ ಎದುರಿಗೆ ನಮ್ಮ ಕ್ಯಾಪ್ಟನ್ ನಾಲ್ಕು ಹೆಜ್ಜೆ ನಡೆದು ಬಂದು ಚೆಂಡನ್ನು ಮೇಲಕ್ಕೆ ಬಿಟ್ಟರು.

ಅದು ಹೋಯಿತು ಮೇಲೆ. ಹೆಲ್ಮೆಟಿನ ಅಂಚು ಅಡ್ಡ ಬಂದು ಬ್ಯಾಟ್ಸ್‌ಮನ್ನಿಗೆ ಚೆಂಡು ಕಾಣಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇನ್ನೂ ಬಂದಿಲ್ಲವೇ ಅಂತ ಕೀಪರ್‌ರನ್ನು ಕೇಳಲು ತಿರುಗಿದ. ಅಷ್ಟರಲ್ಲಿ ಚೆಂಡು ಇಳಿದು ಬಂದು ಸ್ಟಂಪಿಗೆ ಮೆತ್ತಗೆ ತಾಗಿತು.

ಪ್ರತಿ ಓವರ್ ಮುಗಿದಾಗಲೂ ಬೌಲರ್ ಕೈ ಗಿರಗಿರ ತಿರುಗಿಸಿ, ಸೊಂಟ ಬಗ್ಗಿಸಿ, ಮುಂದೆ ಬರುತ್ತಿದ್ದ. "ಕ್ಯಾಪ್ಟನ್ ಸಾಬ್, ಅಬ್?"

"ಇನ್ನೊಂದು ಓವರ್ ತಡಿ ಬೇಟಾ."

ಅವನ ಆ ಕಸರತ್ತು ನೋಡಿ ಬೌಂಡರಿಯ ಗಾರ್ಡುಗಳು ತೆಲುಗಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದರು, ಮುಂದಿನ ಓವರ್ ಅವನೇ ಬರ್ತಾನೆ, ಇದರಲ್ಲೇ ಬಾರಿಸಿ ಮುಗಿಸಿ ಅಂತ. ಒಳಗಿನವರು ಕಣ್ಣು ಮುಚ್ಚಿ ಬೀಸಿದರು. ಕೆಲವು ಬೌಂಡರಿ ದಾಟಿದವು, ಕೆಲವು ನಮ್ಮವರ ಕೈಗೆ ಬಿದ್ದವು, ಆಶ್ಚರ್ಯವೆಂದರೆ ಕೈಯಲ್ಲೇ ಉಳಿದವು. ಹೆಲ್ಮೆಟಿನೊಳಗೆ ಒಬ್ಬರ ಕರೆ ಇನ್ನೊಬ್ಬರಿಗೆ ಕೇಳದೆ ಇಬ್ಬರು ಒಂದೇ ತುದಿಗೆ ಓಡಿ ನಿಂತರು. ಎಪ್ಪತ್ತನಾಲ್ಕಕ್ಕೆ ಒಂಬತ್ತು. ಅದರಲ್ಲಿ ಏಳು ಕ್ಯಾಪ್ಟನ್‌ರವು.

ಇನ್ನು ಬೇಕಾದದ್ದು ಎಂಟು ರನ್. ಹೊಸ ಓವರು, ಕ್ಯಾಪ್ಟನ್‌ರದೇ ಸರದಿ. ತಮ್ಮ ಹಿಂದಿನ ಓವರಿನಲ್ಲಿ ಎರಡು ಬೌಂಡರಿ ತಿಂದಿದ್ದರು. ನನ್ನ ಹತ್ತಿರ ಬಂದು ನಿಂತರು.

"ಏಳು ಆಗ್ಯಾವ್ರಿ. ಜೀವಮಾನದಾಗ ನಾ ಏಳು ತಗೊಂಡಿಲ್ಲ. ಎಂಟನೇದು ಇಲ್ಲೇ ಕಾಣಾಕತ್ತೈತಿ."

ತಾಂತ್ರಿಕವಾಗಿ ಅನರ್ಹ ಅಂತ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಬಗ್ಗಿ ಶೂ ಲೇಸು ಬಿಗಿದುಕೊಂಡೆ.

"ತಪ್ಪಿದ್ರ ಗ್ರೌಂಡ್ ಹೋಗ್ತೈತಿ," ಅಂದರು. ಚೆಂಡನ್ನು ಪ್ಯಾಂಟಿಗೆ ಒರೆಸಿದರು, ಒಮ್ಮೆ ಅಲ್ಲ, ನಾಲ್ಕೈದು ಸಲ. ಆಮೇಲೆ ಬೌಲರ್‌ನ ಕಡೆ ಎಸೆದು, ತಿರುಗಿ ನೋಡದೆ ಮಿಡ್ ಆನಿಗೆ ಹೋಗಿ ನಿಂತರು.

ಬೌಲರ್ ತೋಳು ಮಡಚಿದ, ಕೊರಳ ತಾಯತಕ್ಕೆ ಮುತ್ತಿಟ್ಟ, ಹೆಜ್ಜೆ ಎಣಿಸುತ್ತ ಹೊರಟ. ಇಡೀ ಮುಂಜಾನೆ ತಡೆದುಕೊಂಡ ಸಿಟ್ಟಿತ್ತು. ಬೇವಿನ ಮರಕ್ಕೆ ನಿಲ್ಲಲಿಲ್ಲ. ಅದನ್ನು ದಾಟಿ ನೀರಿನ ಟ್ಯಾಂಕಿನ ಕಡೆ ನಡೆದ. ಸ್ಟ್ರೈಕಿನಲ್ಲಿದ್ದದ್ದು ಗಾರ್ಡುಗಳ ಹವಾಲ್ದಾರ, ದೊಡ್ಡ ಮೀಸೆಯ ಗಟ್ಟಿ ಆಳು. ಹೆಲ್ಮೆಟಿನ ಗಾಜು ಎತ್ತಿ ನೋಡಿದ.

"ಇಂಕಾ ಎಂತ ದೂರಂ ಪೋತಾಡು ಸಾರ್?" ಅಂತ ಪಕ್ಕದಲ್ಲಿ ಫೀಲ್ಡಿಂಗಿಗೆ ನಿಂತಿದ್ದ ನನ್ನನ್ನು ಕೇಳಿದ, ಇನ್ನೂ ಎಷ್ಟು ದೂರ ಹೋಗ್ತಾನೆ ಅಂತ.

ನಾನು ಸುಳ್ಳು ಹೇಳುವವನಲ್ಲ. ಗೊತ್ತಿಲ್ಲ, ಇಲ್ಲಿಯವರೆಗೆ ಇಷ್ಟು ದೂರ ಹೋದದ್ದು ನೋಡಿಲ್ಲ ಅಂತ ತೆಲುಗಿನಲ್ಲೇ ಹೇಳಿದೆ.

ಬೌಲರ್ ಟ್ಯಾಂಕಿನ ಹತ್ತಿರ ತಿರುಗಿ ಓಡಲು ಶುರುಮಾಡಿದ. ಧೂಳೆದ್ದಿತು. ಅರ್ಧ ದಾರಿಗೆ ಬಂದವನು ಥಟ್ಟನೆ ನಿಂತ. ಎದುರಿಗೆ ಬ್ಯಾಟ್ಸ್‌ಮನ್ನೇ ಇರಲಿಲ್ಲ. ಹವಾಲ್ದಾರ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ಹೆಲ್ಮೆಟ್ ಬಿಚ್ಚುತ್ತ, ಸಾವಧಾನವಾಗಿ ಪೆಂಡಾಲಿನ ಕಡೆ ನಡೆದು ಹೋಗುತ್ತಿದ್ದ.

"ಎಲ್ಲಿಗೆ?" ಅಂತ ಅಂಪೈರ್ ಕೂಗಿದರು.

"ನಾಕು ಪಿಲ್ಲಲು ಉನ್ನಾರು ಸಾರ್," ಅಂದ. ನನಗೆ ಮಕ್ಕಳಿದ್ದಾರೆ ಸಾರ್.

ಅಂಪೈರ್ ಪುಸ್ತಕ ತೆಗೆದರು, ಕಾದರು, ಮತ್ತೆ ಕರೆದರು. ಅವನು ತಿರುಗಲಿಲ್ಲ. ಬೆರಳೆತ್ತಿದರು. ಏಳು ರನ್ನಿನಿಂದ ಗೆದ್ದೆವು, ಮೈದಾನ ಉಳಿಯಿತು. ನಾವೆಲ್ಲ ಓಡಿ ಹೋಗಿ ಕ್ಯಾಪ್ಟನ್‌ರನ್ನು ಎತ್ತಿಕೊಂಡೆವು, ಅವರು ಮೇಲಿನಿಂದ "ಮೆತ್ತಗ, ಬೆನ್ನು ಬೆನ್ನು" ಅನ್ನುತ್ತಿದ್ದರು. ಬೌಲರ್ ಮಾತ್ರ ಪಿಚ್ಚಿಗೆ ಓಡಿ ಬರುವ ಅರ್ಧ ದಾರಿಯಲ್ಲಿ ಚೆಂಡು ಹಿಡಿದುಕೊಂಡು ನಿಂತೇ ಇದ್ದ. ಇಡೀ ದಿನದಲ್ಲಿ ಅವನು ಹಾಕಿದ ಚೆಂಡುಗಳ ಸಂಖ್ಯೆ ಸೊನ್ನೆ.

ಮರುವರ್ಷ ಟೂರ್ನಮೆಂಟಿಗೆ ಮುಂಚೆ ನಾನು, ಕ್ಯಾಪ್ಟನ್, ಖರೀದಿ ಸಾಹೇಬರು ಮೂವರೂ ಮೆಹದಿಪಟ್ಟಣಂಗೆ ಹೋದೆವು. ಬೌಲರ್ ಬಸ್ ಸ್ಟ್ಯಾಂಡಿನ ಎದುರಿನ ಇರಾನಿ ಹೋಟೆಲಿನಲ್ಲಿ ಕೂರಿಸಿ, ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದ. ಈ ಸಲದ ರೇಟು ಹೇಳಪ್ಪಾ ಅಂದೆವು.

"ಈ ಸಲ ಎರಡು ರೇಟು ಸಾಬ್," ಅಂದ. "ಬೌಲಿಂಗ್ ಮಾಡಿದರೆ ಹೋದ ವರ್ಷದ್ದೇ. ಸುಮ್ಮನೆ ನಿಂತರೆ ಡಬಲ್."

ಖರೀದಿ ಸಾಹೇಬರ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಬಿತ್ತು. "ಇದೆಂಥಾ ಉಲ್ಟಾ ಲೆಕ್ಕ?"

ಬೌಲರ್ ಬಹಳ ಮರ್ಯಾದೆಯಿಂದ, ಸಣ್ಣ ಮಕ್ಕಳಿಗೆ ತಿಳಿಹೇಳುವವರ ಹಾಗೆ ಹೇಳಿದ. "ನಾನು ಹಾಕಿದ ಆಟ ನಾಲ್ಕು ಸಾಬ್, ಅದರಲ್ಲಿ ಮೂರು ಸೋತಿರಿ. ನಾನು ನಿಂತ ಆಟ ಒಂದೂ ಸೋತಿಲ್ಲ. ದುಬಾರಿ ಮಾಲು ಯಾವುದು, ನೀವೇ ಹೇಳಿ."